ಯಾರೂ ಬೇಕೆಂದು ಕೊಲ್ಲಲಿಲ್ಲವಂತೆ

ಬಾಳೆ ಎಲೆಯ ಅಂಚು ಸುರುಳಿ ಸುತ್ತಿಕೊಂಡಿದ್ದು ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಬಿಡಿಸಿ ನೋಡುತ್ತೇವೆ, ಒಳಗೆ ಹುಳು ಇರುತ್ತದೆ, ಹೊಸಕುತ್ತೇವೆ, ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದಿನ ಗಿಡಕ್ಕೆ ಹೋಗುತ್ತೇವೆ. ನಾನೂ ಹೊಸಕಿದವನೇ. ಹುಳುವಿಗೆ ಕರುಣೆ ತೋರಿಸಿ ಎಂದು ಉಪದೇಶ ಮಾಡಲು ನನಗೆ ಮುಖವಿಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ. ಕೈಯಲ್ಲಿ ಹೊಸಕಿದವನಿಗೆ ತಾನು ಕೊಂದದ್ದು ಏನು ಅನ್ನುವುದಾದರೂ ಗೊತ್ತಿರುತ್ತದೆ, ಬೆರಳಿಗೆ ಹಸಿರು ಅಂಟಿರುತ್ತದೆ. ಡಬ್ಬಿಯ ಮುಚ್ಚಳ ತೆಗೆದು ಕಣಜ ಹಾರಿಬಿಟ್ಟು, ಅದು ಯಾವ ದಿಕ್ಕಿಗೆ ಹೋಯಿತೆಂದು ತಿರುಗಿಯೂ ನೋಡದೆ, ವರದಿಯಲ್ಲಿ 'ಯಶಸ್ವಿ' ಎಂದು ಬರೆದು ಮನೆಗೆ ಹೋದವರಿದ್ದಾರಲ್ಲ, ಅವರ ಕೈಗೆ ಏನೂ ಅಂಟಿಲ್ಲ. ಸಿಟ್ಟು ಅವರ ಮೇಲೆ.

ನಾನು ಹೇಳುತ್ತಿರುವ ಬಾಳೆ ಎಲೆ ಹವಾಯಿಯದು. ಪೆಸಿಫಿಕ್ ಸಾಗರದ ನಟ್ಟನಡುವೆ, ಹತ್ತಿರದ ಭೂಖಂಡದಿಂದ ಮೂರೂವರೆ ಸಾವಿರ ಕಿಲೋಮೀಟರಿಗೂ ಆಚೆ, ಕಡಲ ತಳದ ಬೆಂಕಿಯಿಂದ ಎದ್ದ ದ್ವೀಪಗಳು. ಅಲ್ಲಿ ಮೊದಲು ಬಾಳೆ ಇರಲಿಲ್ಲ. ಪಾಲಿನೇಷ್ಯದ ಜನ ನಕ್ಷತ್ರ ನೋಡಿಕೊಂಡು ಜೋಡಿದೋಣಿಗಳಲ್ಲಿ ಬಂದಾಗ ಕೆಸು, ಕಬ್ಬು, ತೆಂಗಿನ ಜೊತೆ ಬಾಳೆಕಂದನ್ನೂ ತಂದರು. ಸುಮಾರು ಸಾವಿರ ವರ್ಷದ ಹಿಂದಿನ ಮಾತು. (ಅವರನ್ನು ದೇವತೆಗಳನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಅವರ ದೋಣಿಯಲ್ಲಿ ಇಲಿಯೂ ಬಂತು, ತಗ್ಗಿನ ಕಾಡಿಗೆ ಬೆಂಕಿಯೂ ಬಿತ್ತು.) ಆ ದ್ವೀಪಗಳಲ್ಲಿ ಓಮಿಯೋಡಿಸ್ ಎಂಬ ಕುಲದ ಪತಂಗಗಳಿದ್ದವು. ಬಣ್ಣವಿಲ್ಲದ ಬಡ ಪತಂಗಗಳು. ಮರಿಹುಳುಗಳು ಅಲ್ಲಿನದೇ ಗಿಡ, ಹುಲ್ಲು, ತಾಳೆ ಜಾತಿಯ ಮರಗಳ ಎಲೆಯನ್ನು ಸುರುಳಿ ಸುತ್ತಿಕೊಂಡು ತಿನ್ನುತ್ತಿದ್ದವು. ಹೊಸದಾಗಿ ಬಂದ ಈ ಅಗಲ ಎಲೆಯ ಗಿಡವನ್ನು ಕೆಲವು ರುಚಿ ನೋಡಿದವು. ಮುಂದೆ ಬೇರೆ ಬೇರೆ ದ್ವೀಪಗಳಲ್ಲಿ ಬಾಳೆಗೇ ಅಂಟಿಕೊಂಡ ಐದು ಜಾತಿಗಳು ಕಾಣಿಸಿದವು. ಆ ಐದೂ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಇದರ ಅರ್ಥವೇನೆಂದು ಗಟ್ಟಿಯಾಗಿ ಹೇಳಿದವರು ಎಲ್ವುಡ್ ಜಿಮ್ಮರ್‌ಮನ್. ಹವಾಯಿಯ ಕೀಟಗಳ ಬಗ್ಗೆ ದೊಡ್ಡ ಗ್ರಂಥಮಾಲೆಯನ್ನೇ ಶುರು ಮಾಡಿದ ಕೀಟಶಾಸ್ತ್ರಜ್ಞ. 1960ರಲ್ಲಿ ಅವರು ಇಟ್ಟ ವಾದ ಸರಳ: ಬಾಳೆ ಬಂದು ಸಾವಿರ ವರ್ಷ, ಬಾಳೆಯನ್ನೇ ನೆಚ್ಚಿದ ಪತಂಗ ಜಾತಿಗಳು ಐದು, ಅಂದರೆ ಹೊಸ ಜಾತಿ ಹುಟ್ಟಲು ಲಕ್ಷಾಂತರ ವರ್ಷ ಬೇಕೆಂದು ನಾವು ನಂಬಿರುವುದು ಎಲ್ಲ ಕಡೆಯೂ ನಿಜವಲ್ಲ. ಸಾವಿರವೋ ಇನ್ನೊಂದಿಷ್ಟು ಹೆಚ್ಚೋ ಎಂಬ ತಕರಾರು ಪಂಡಿತರಿಗಿರಲಿ. ನಮ್ಮಲ್ಲಿ ಹೊಯ್ಸಳರು ಕಲ್ಲು ಕೆತ್ತಿಸುತ್ತಿದ್ದ ಕಾಲದಿಂದ ಈಚೆಗೆ ಒಂದು ದ್ವೀಪ ತನ್ನ ಪಾಡಿಗೆ ತಾನು ಬಾಳೆ ಎಲೆಯ ಮೇಲೆ ಹೊಸ ಜೀವಗಳನ್ನು ಕೆತ್ತುತ್ತಿತ್ತು. ಬೇಲೂರಿಗೆ ಬೇಲಿ ಇದೆ, ಕಾವಲುಗಾರನಿದ್ದಾನೆ, ಕಲ್ಲು ಮುಟ್ಟಿದರೆ ಗದರಿಸುತ್ತಾರೆ.

ಆ ಎಲೆಗೆ ಬಂದದ್ದು ಯಾರು? ಸಕ್ಕರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹವಾಯಿಯೆಂದರೆ ಕಬ್ಬಿನ ಗದ್ದೆ, ಗದ್ದೆಯ ಧಣಿಗಳು, ಧಣಿಗಳ ಸಂಘ. ಓಮಿಯೋಡಿಸ್ ಕುಲದಲ್ಲೇ ಎರಡು ಜಾತಿಗಳು ಕಬ್ಬಿನ ಗರಿಯನ್ನೂ ತೆಂಗಿನ ಗರಿಯನ್ನೂ ಸುತ್ತತೊಡಗಿದವು. ಬೆಳೆ ಕಳೆದುಕೊಂಡವನ ಸಂಕಟ ನನಗೆ ಗೊತ್ತು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಅವರು ಕಂಡುಕೊಂಡ ಪರಿಹಾರ ನೋಡಿ. 1893ರಿಂದ ಹವಾಯಿಗೆ ಕೆಲಸ ಮಾಡಿದ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ದೇಶದೇಶ ಸುತ್ತಿ, ಹುಳು ತಿನ್ನುವ ಹುಳುಗಳನ್ನು, ಹುಳುವಿನೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳನ್ನು ಕಳಿಸಿದ. ಅವನ ನಂತರ ಬಂದವರೂ ಅದನ್ನೇ ಮಾಡಿದರು. ಪರಾವಲಂಬಿ ಕಣಜದ ಕೆಲಸ ಹೇಳಲು ಹೇಸಿಗೆ, ಕೇಳಲು ಭಯ: ಜೀವಂತ ಮರಿಹುಳುವಿಗೆ ಸೂಜಿ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ಕಣಜದ ಮರಿ ಹುಳುವನ್ನು ಒಳಗಿನಿಂದ ಬರಿದು ಮಾಡುತ್ತಾ ಬೆಳೆಯುತ್ತದೆ. ಇದರಲ್ಲಿ ಕಣಜದ ತಪ್ಪಿಲ್ಲ, ಅದರ ಬದುಕೇ ಹಾಗೆ. ಆದರೆ ಕಣಜಕ್ಕೆ ಓದು ಬರಹ ಬರುವುದಿಲ್ಲ. 'ಪೀಡೆ' ಎಂದು ಧಣಿ ಬರೆದಿಟ್ಟ ಪಟ್ಟಿಯನ್ನು ಅದು ನೋಡಿ ಹಾರುವುದಿಲ್ಲ. ಕಬ್ಬಿನ ಸುರುಳಿಯಲ್ಲಿದ್ದರೂ ಹುಳುವೇ, ಬಾಳೆಯ ಸುರುಳಿಯಲ್ಲಿದ್ದರೂ ಹುಳುವೇ. ಬಾಳೆ ಪತಂಗಗಳಲ್ಲಿ ಕೆಲವು ಇಪ್ಪತ್ತನೇ ಶತಮಾನದೊಳಗೇ ಅಳಿದವುಗಳ ಪಟ್ಟಿಗೆ ಹೋದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನಿಗೆ ಸಾವಿರ ವರುಷ ಹಿಡಿದಿತ್ತು.

ಗದ್ದೆಯ ಬದಿಯ ಕಥೆ ಇದಾಯಿತು, ದೂರದ ಕಾಡು ಉಳಿದಿರಬೇಕಲ್ಲ ಎಂದು ಯಾರಾದರೂ ಸಮಾಧಾನ ಪಡುವುದಾದರೆ ಕವಾಯಿ ದ್ವೀಪದ ಅಲಕಾಯಿ ಜೌಗು ಕಾಡಿಗೆ ಹೋಗಬೇಕು. ಜಗತ್ತಿನ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಬೆಟ್ಟದ ಮಗ್ಗುಲು, ಮಂಜು ಮುಚ್ಚಿದ ಕೆಸರು, ಕಬ್ಬಿನ ವಾಸನೆಯೂ ಇಲ್ಲದ ಎತ್ತರ. ಅಲ್ಲಿನ ಸ್ವದೇಶಿ ಪತಂಗಗಳ ಮರಿಹುಳುಗಳನ್ನು ಹಿಡಿದು ಸಾಕಿ, ಒಳಗಿನಿಂದ ಯಾವ ಪರಾವಲಂಬಿ ಹೊರಬರುತ್ತದೆಂದು ಇಬ್ಬರು ಸಂಶೋಧಕಿಯರು ಎಣಿಸಿದರು. 2001ರಲ್ಲಿ ಲೆಕ್ಕ ಪ್ರಕಟವಾಯಿತು. ಹೊರಬಂದ ಪರಾವಲಂಬಿಗಳಲ್ಲಿ ನೂರಕ್ಕೆ 83 ಮನುಷ್ಯರು ಪೀಡೆ ನಿಯಂತ್ರಣಕ್ಕೆಂದು ಬೇಕೆಂದೇ ತಂದು ಬಿಟ್ಟ ಜಾತಿಗಳು. 14 ಹೇಗೋ ನುಸುಳಿ ಬಂದವು. ಆ ಕಾಡಿನದೇ ಆದವು 3. ಆ 83ರ ಹಿಂದಿದ್ದ ಜಾತಿಗಳನ್ನು ಬಿಟ್ಟದ್ದು 1945ಕ್ಕೂ ಮೊದಲು. ಬಿಟ್ಟವರು ಸತ್ತು ಮಣ್ಣಾಗಿರಬಹುದು, ಅವರ ಕಡತ ಗೆದ್ದಲು ತಿಂದಿರಬಹುದು. ಕಣಜ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಇಷ್ಟು ಹೇಳಿದ ಕೂಡಲೇ ಒಂದು ಮಾತು ತಪ್ಪದೆ ಬರುತ್ತದೆ, ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ: "ಅಷ್ಟು ಬೇಗ ವಿಕಾಸ ಹೊಂದುವ ಜೀವಿಗಳಲ್ಲವೇ, ಹೊಂದಿಕೊಳ್ಳುತ್ತವೆ ಬಿಡಿ." ಹೇಳುವವರಿಗೆ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಓದಿದ ಇಂಗ್ಲೆಂಡಿನ ಪತಂಗ ನೆನಪಿರುತ್ತದೆ. ಬಿಳಿಯ ಮೇಲೆ ಕರಿ ಚುಕ್ಕೆಯ ಪತಂಗ, ಗಿರಣಿಗಳ ಮಸಿ ಮರಕ್ಕೆ ಮೆತ್ತಿದಾಗ ಕಪ್ಪಾದದ್ದು. ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ಕಪ್ಪು ಪತಂಗ ಕಂಡದ್ದು ಸುದ್ದಿ. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98 ಕಪ್ಪು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂದು ಹೊಗೆ ಇಳಿದ ಮೇಲೆ ಮತ್ತೆ ಬಿಳಿಯವೇ ಹೆಚ್ಚಾದವು. ಚೆಂದದ ಕಥೆ, ನಿಜವಾದ ಕಥೆ. ಆದರೆ ಆ ಕಪ್ಪು ಬಣ್ಣ ಪತಂಗ ಗೋಳಾಡಿ ಬೇಡಿಕೊಂಡದ್ದಕ್ಕೆ ಬಂದದ್ದಲ್ಲ. ಅದರ ಡಿಎನ್‌ಎಯ ಒಂದು ತುಣುಕು ಜಾಗ ಬದಲಿಸಿ ಇನ್ನೊಂದು ಜೀನಿನೊಳಗೆ ಹೋಗಿ ಕೂತದ್ದರಿಂದ ಬಂದದ್ದು. ಅದಾದದ್ದು ಸುಮಾರು 1819ರ ಆಸುಪಾಸು ಎಂದು 2016ರಲ್ಲಿ ಅಂದಾಜು ಮಾಡಿದರು. ಅಂದರೆ ಲಾಟರಿ ಹೊಡೆದಿತ್ತು. ಒಂದು ದೇಶದ ತುಂಬ ಹರಡಿದ, ಲಕ್ಷಗಟ್ಟಲೆ ಸಂಖ್ಯೆಯ, ವರ್ಷಕ್ಕೊಂದು ತಲೆಮಾರಿನ ಪತಂಗಕ್ಕೆ ಲಾಟರಿ ಹೊಡೆಯುವ ಸಾಧ್ಯತೆ ಇರುತ್ತದೆ. ಒಂದು ದ್ವೀಪದ ಒಂದು ಕಣಿವೆಯಲ್ಲಿ ಬೆರಳೆಣಿಕೆಯಷ್ಟಿರುವ ಪತಂಗ ಎಷ್ಟು ಟಿಕೆಟ್ ಕೊಂಡೀತು? ಪಠ್ಯಪುಸ್ತಕದಲ್ಲಿ ಇರುವುದು ಗೆದ್ದ ಪತಂಗದ ಚಿತ್ರ. ಸೋತವುಗಳ ಚಿತ್ರ ತೆಗೆಯಲು ಅವು ಉಳಿದಿರಲಿಲ್ಲ.

ಹವಾಯಿಯಲ್ಲೇ ಗೆದ್ದ ಉದಾಹರಣೆ ಬೇಕೆನ್ನುವವರಿಗೆ ಬ್ಲ್ಯಾಕ್‌ಬರ್ನ್ ಹೆಸರಿನ ದೊಡ್ಡ ಪತಂಗವಿದೆ. ಅಳಿದೇ ಹೋಯಿತೆಂದು ಕೈಬಿಟ್ಟಿದ್ದರು, 1984ರಲ್ಲಿ ಮಾವಿ ದ್ವೀಪದಲ್ಲಿ ಮತ್ತೆ ಸಿಕ್ಕಿತು. 2000ದಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿದ ಮೊದಲ ಹವಾಯಿ ಕೀಟ ಅದು. ಅದರ ಮರಿಹುಳುವಿನ ಹಳೆಯ ಆಹಾರ ಐಯಾ ಎಂಬ ಕಾಡುಮರ. ದನ, ಮೇಕೆ, ಬೆಂಕಿಗೆ ಆ ಮರ ಸಿಕ್ಕಿ ಅಪರೂಪವಾಯಿತು, ಹುಳು ಈಗ ಹೊರಗಿನಿಂದ ಬಂದ ಕಾಡು ಹೊಗೆಸೊಪ್ಪಿನ ಗಿಡ ತಿಂದು ಬದುಕಿದೆ. "ನೋಡಿ, ಹೊಂದಿಕೊಂಡಿತಲ್ಲ!" ಮನೆ ಸುಟ್ಟುಹೋದವನು ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದನ್ನು ಕಂಡು ಹೀಗನ್ನುವವರೂ ಇರುತ್ತಾರೆ.

ಯಾವುದನ್ನು ಕಳೆದುಕೊಳ್ಳುತ್ತಿದ್ದೇವೆಂದು ಗೊತ್ತಾಗಬೇಕಾದರೆ ಆ ದ್ವೀಪಗಳ ಪತಂಗಗಳು ಮಾಡಿದ ಕಿತಾಪತಿಗಳನ್ನು ಕೇಳಬೇಕು. ಪತಂಗದ ಮರಿಯೆಂದರೆ ಸೊಪ್ಪು ಮೇಯುವುದು, ಇದು ಲೋಕನಿಯಮ. ಮಾಂಸ ತಿನ್ನುವಂಥವು ಸಾವಿರಕ್ಕೆ ಒಂದೆರಡೂ ಸಿಕ್ಕವು. 1972ರಲ್ಲಿ ಸ್ಟೀವನ್ ಮಾಂಟ್ಗೊಮರಿ ಎಂಬ ಕೀಟಶಾಸ್ತ್ರಜ್ಞನ ಕಣ್ಣಿಗೆ ಹವಾಯಿಯ ಒಂದು ಹುಳು ಬಿತ್ತು. ನಮ್ಮಲ್ಲಿ ಗಿಡದ ಮೇಲೆ ಗೇಣು ಹಾಕುತ್ತಾ ನಡೆಯುವ ಹುಳು ಇದೆಯಲ್ಲ, ಆ ಬಗೆಯದೇ. ಅದರ ಬಳಗ ಉಳಿದ ಪ್ರಪಂಚದಲ್ಲೆಲ್ಲ ಹೂವು ಮೊಗ್ಗು ತಿಂದುಕೊಂಡು ಸಾಧುವಾಗಿದೆ. ಇದು ಎಲೆಯ ಅಂಚಿಗೆ ಒಣಕಡ್ಡಿಯ ಹಾಗೆ ಅಂಟಿ ನಿಂತಿರುತ್ತದೆ. ನೊಣ ಬಂದು ಅದರ ಹಿಂಬದಿಯ ರೋಮಕ್ಕೆ ತಾಗಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಬಾಗಿ, ಉಗುರಿನಂಥ ಮುಂಗಾಲುಗಳಲ್ಲಿ ಬಾಚಿ ಹಿಡಿದು ತಿನ್ನುತ್ತದೆ. ದ್ವೀಪಕ್ಕೆ ಮಿಡತೆಕುದುರೆ ಬಂದಿರಲಿಲ್ಲ, ಖಾಲಿ ಇದ್ದ ಆ ಹುದ್ದೆಯನ್ನು ಗೇಣುಹುಳುವೇ ವಹಿಸಿಕೊಂಡಿತು. ಈಗ ಆ ಬೇಟೆಗಾರನನ್ನು ಬೇಟೆಯಾಡಲು ಅಮೆರಿಕ ಖಂಡದಿಂದ ಹಳದಿ ಕಣಜ ಬಂದಿದೆ. ಅಲ್ಲಿ ಚಳಿಗೆ ಸಾಯುತ್ತಿದ್ದ ಅದರ ಗೂಡು ಹವಾಯಿಯ ಬೆಚ್ಚಗಿನಲ್ಲಿ ವರ್ಷಗಟ್ಟಲೆ ಬೆಳೆದು ಲಕ್ಷಾಂತರ ಕಣಜಗಳ ಊರಾಗುತ್ತದೆ, ಸುತ್ತಲಿನ ಹುಳುಹುಪ್ಪಟೆಯನ್ನು ಗುಡಿಸುತ್ತದೆ.

ಇನ್ನೊಂದು ಕುಲ ಹೈಪೋಸ್ಮೋಕೋಮ. ಮೂರೂವರೆ ನೂರಕ್ಕೂ ಹೆಚ್ಚು ಜಾತಿಗಳು, ಎಲ್ಲವೂ ಹವಾಯಿಯವೇ. ನಮ್ಮ ಜಾಲಿಮರದಲ್ಲಿ ಕಡ್ಡಿಗಳ ಹೊರೆ ಕಟ್ಟಿಕೊಂಡು ನೇತಾಡುವ ಚೀಲದ ಹುಳು ನೋಡಿದವರಿಗೆ ಇದರ ಅಂದಾಜು ಸಿಗುತ್ತದೆ: ಮರಿಹುಳು ರೇಷ್ಮೆಯ ಗೂಡು ನೇಯ್ದು ಅದನ್ನು ಮೈಮೇಲೆ ಹೊತ್ತು ತಿರುಗುತ್ತದೆ. 2005ರಲ್ಲಿ ಡೇನಿಯಲ್ ರುಬಿನಾಫ್ ಮತ್ತು ವಿಲಿಯಂ ಹೇನ್ಸ್ ಇದರಲ್ಲೊಂದನ್ನು ಲೋಕಕ್ಕೆ ತೋರಿಸಿದರು. ಎಂಟು ಮಿಲಿಮೀಟರ್ ಉದ್ದದ ಈ ಹುಳು ಎಲೆಯ ಮೇಲೆ ಮಲಗಿದ ಪುಟ್ಟ ಬಸವನಹುಳುವಿಗೆ ರೇಷ್ಮೆ ನೂಲು ಸುತ್ತಿ, ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ ಹಾಗೆ ಎಲೆಗೆ ಬಿಗಿಯುತ್ತದೆ. ಆಮೇಲೆ ಚಿಪ್ಪಿನೊಳಗೆ ತಲೆ ತೂರಿಸಿ ತಿನ್ನುತ್ತದೆ. ಉಪವಾಸ ಕೆಡವಿದರೂ ಸೊಪ್ಪು ಮುಟ್ಟದು. ರೇಷ್ಮೆಯನ್ನು ನಮಗಿಂತ ಬಲ್ಲವರಿಲ್ಲ ಎಂದುಕೊಂಡಿರುವ ನಾಡು ನಮ್ಮದು, ರಾಮನಗರ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹುಟ್ಟಿ ಬೆಳೆದವರಿಗೂ ಇಂಥ ನೇಯ್ಗೆ ಹೊಳೆದಿರಲಿಕ್ಕಿಲ್ಲ.

ಆ ಬಸವನಹುಳುಗಳಿಗೇನಾಯಿತು? ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಅಂಗೈಯಗಲ ಬೆಳೆದು ಕಾಟ ಕೊಡುತ್ತಿದೆಯಲ್ಲ, ಆ ಆಫ್ರಿಕದ ದೈತ್ಯ ಬಸವನಹುಳು 1936ರಲ್ಲಿ ಹವಾಯಿಗೂ ಬಂತು. ಅದನ್ನು ತಿನ್ನಲೆಂದು 1955ರಲ್ಲಿ ಅಲ್ಲಿನ ಕೃಷಿ ಇಲಾಖೆ ಫ್ಲಾರಿಡಾದಿಂದ ಬೇಟೆಗಾರ ಬಸವನಹುಳುವನ್ನು ತರಿಸಿ ಬಿಟ್ಟಿತು. ದೈತ್ಯನನ್ನು ಕೆಣಕುವುದೇಕೆ ಎಂದು ಅದು ಮರದ ಮೇಲಿನ ಸ್ವದೇಶಿ ಪುಟಾಣಿಗಳ ಕಡೆ ತಿರುಗಿತು. ಆ ಮರದ ಬಸವನಹುಳುಗಳಲ್ಲಿ ಒಂದು ಜಾತಿಯ ಕಟ್ಟಕಡೆಯದು, ಜಾರ್ಜ್ ಎಂದು ಹೆಸರಿಟ್ಟು ಪ್ರಯೋಗಾಲಯದಲ್ಲಿ ಸಾಕಿದ್ದು, 2019ರ ಜನವರಿ 1ರಂದು ಸತ್ತಿತು. ಅದೇ ಮಾದರಿಯ ಬುದ್ಧಿವಂತಿಕೆ 1883ರಲ್ಲೂ ಆಗಿತ್ತು: ಕಬ್ಬಿನ ಗದ್ದೆಯ ಇಲಿ ಹಿಡಿಯಲು ಮುಂಗುಸಿ ತರಿಸಿದ್ದು. ಮೂಲದಲ್ಲಿ ನಮ್ಮ ದೇಶದ್ದೇ ಮುಂಗುಸಿ, ಜಮೈಕಾದ ಮಾರ್ಗವಾಗಿ ಹೋದದ್ದು. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಓಡಾಡುವುದು ಹಗಲು. ಇದನ್ನು ತಿಳಿಯಲು ಹಳ್ಳಿಯ ಯಾವ ಹುಡುಗನನ್ನು ಕೇಳಿದ್ದರೂ ಆಗುತ್ತಿತ್ತು.

ಮತ್ತೆ ಹೈಪೋಸ್ಮೋಕೋಮಕ್ಕೆ ಬರೋಣ. ಆ ಕುಲದ ಹನ್ನೆರಡು ಜಾತಿಗಳ ಮರಿಗಳು ನೀರಿನಲ್ಲೂ ಬದುಕುತ್ತವೆ, ನೆಲದಲ್ಲೂ ಬದುಕುತ್ತವೆ ಎಂದು 2010ರಲ್ಲಿ ಬಯಲಾಯಿತು. ಕಿವಿರು ಇಲ್ಲ, ಗಾಳಿಗುಳ್ಳೆ ಇಲ್ಲ. ಬೆಟ್ಟದ ಹಳ್ಳದ ಬಂಡೆಗೆ ರೇಷ್ಮೆ ದಾರದಲ್ಲಿ ತಮ್ಮನ್ನು ಕಟ್ಟಿಕೊಂಡು, ಹರಿಯುವ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಚರ್ಮದಿಂದಲೇ ಹೀರುತ್ತವೆ. ಈ ಗುಣ ಒಮ್ಮೆಯಲ್ಲ, ಬೇರೆ ಬೇರೆಯಾಗಿ ಮೂರು ಸಲ ಹುಟ್ಟಿದೆ. ಒಂದೇ ಷರತ್ತು: ನೀರು ಹರಿಯುತ್ತಿರಬೇಕು. ನಿಂತ ನೀರಿನಲ್ಲಿ ಅವು ಮುಳುಗಿ ಸಾಯುತ್ತವೆ. ಈಗ ಮಾವಿ ದ್ವೀಪದ ಪೂರ್ವದ ಹಳ್ಳಗಳ ಕಡೆ ನೋಡಿ. 1876ರಲ್ಲಿ ಶುರುವಾಗಿ, ದಶಕಗಟ್ಟಲೆ ಕಾಲುವೆ ಸುರಂಗ ತೋಡಿ, ಹಸಿ ಬೆಟ್ಟದ ನೀರನ್ನು ಒಣ ಬಯಲಿನ ಕಬ್ಬಿಗೆ ತಿರುಗಿಸಿಕೊಂಡರು. ಹಳ್ಳದ ಮೊದಲ ವಾರಸುದಾರರನ್ನು ಕೇಳಲಿಲ್ಲ. ಹುಳುವನ್ನು ಕೇಳುವುದು ಹಾಗಿರಲಿ, ಅದೇ ನೀರಿನಲ್ಲಿ ತಲೆತಲಾಂತರದಿಂದ ಕೆಸು ಬೆಳೆಯುತ್ತಿದ್ದ ಹವಾಯಿಯ ರೈತರನ್ನೇ ಕೇಳಲಿಲ್ಲ. ನೀರು ಹಳ್ಳದಲ್ಲೇ ಹರಿಯಲಿ ಎಂದು ಆ ರೈತರು ವರ್ಷಗಟ್ಟಲೆ ಅಲೆದರು. 2016ರ ಕೊನೆಗೆ ಹವಾಯಿಯ ಕಟ್ಟಕಡೆಯ ಸಕ್ಕರೆ ಕಾರ್ಖಾನೆ ಲಾಭವಿಲ್ಲವೆಂದು ಬಾಗಿಲು ಹಾಕಿಕೊಂಡಿತು. ಕಣಜ ತರಿಸಿದ ಸಕ್ಕರೆ, ಮುಂಗುಸಿ ತರಿಸಿದ ಸಕ್ಕರೆ, ಹಳ್ಳ ಕುಡಿದ ಸಕ್ಕರೆ. ಹೋಗುವಾಗ ತಂದದ್ದನ್ನೆಲ್ಲ ಅಲ್ಲೇ ಬಿಟ್ಟು ಹೋಯಿತು.

ಅಸಡ್ಡೆಗೆ ಬೇಕಾದದ್ದು ದೊಡ್ಡ ಬಂಡವಾಳವೇ ಅಲ್ಲ, ಒಂದು ಬುಟ್ಟಿ ಮೊಲ ಸಾಕು. ಹವಾಯಿ ಸರಣಿಯ ದೂರದ ತುದಿಯಲ್ಲಿ ಲೇಸಾನ್ ಎಂಬ ನಾಲ್ಕು ಚದರ ಕಿಲೋಮೀಟರಿನ ದ್ವೀಪ. ಹಕ್ಕಿಹಿಕ್ಕೆಯ ಗೊಬ್ಬರ ತೆಗೆಸುತ್ತಿದ್ದ ಮೇಲ್ವಿಚಾರಕನೊಬ್ಬ 1903ರಲ್ಲಿ ಅಲ್ಲಿ ಮೊಲ ಬಿಟ್ಟ, ಮಾಂಸದ ವ್ಯಾಪಾರ ಮಾಡಬಹುದೆಂದು. ವ್ಯಾಪಾರ ಆಗಲಿಲ್ಲ, ಮೊಲ ಆಯಿತು. 1923ರಲ್ಲಿ ತಂಡವೊಂದು ಹೋಗಿ ನೋಡಿದಾಗ ಇಪ್ಪತ್ತಕ್ಕೂ ಹೆಚ್ಚು ಬಗೆಯ ಗಿಡಗಳಲ್ಲಿ ಉಳಿದದ್ದು ನಾಲ್ಕು, ಉಳಿದಂತೆ ಮರಳು. ಆ ದ್ವೀಪದ ಹೆಸರು ಹೊತ್ತಿದ್ದ ಪತಂಗವೂ ಅಳಿಯಿತು. ಅಲ್ಲೊಂದು ಪುಟ್ಟ ಹಕ್ಕಿ ಇತ್ತು. ಪತಂಗವನ್ನು ಅದು ಎಷ್ಟು ಇಷ್ಟಪಟ್ಟು ತಿನ್ನುತ್ತಿತ್ತೆಂದರೆ ಇಂಗ್ಲಿಷಿನಲ್ಲಿ ಅದಕ್ಕೆ ಪತಂಗದ ಹೆಸರನ್ನೇ ಸೇರಿಸಿ ಕರೆದರು. ಗಿಡ ಹೋಯಿತು, ಪತಂಗ ಹೋಯಿತು, ಲೇಸಾನಿನ ಆ ಹಕ್ಕಿಯೂ ಹೋಯಿತು. ಇನ್ನೊಂದು ಜಾತಿಯ ಕೆಂಪು ಹಕ್ಕಿ ಮೂರು ಉಳಿದಿದ್ದವು. ತಂಡ ದ್ವೀಪದಲ್ಲಿರುವಾಗಲೇ ಬಿರುಗಾಳಿ ಎದ್ದಿತು, ಹಿಡಿದು ನಿಲ್ಲಿಸಲು ಗಿಡವಿಲ್ಲದ ಮರಳು ಎದ್ದಿತು, ಮೂರೂ ಹೋದವು.

ಇದೆಲ್ಲ ಎಲ್ಲೋ ದೂರದ ಕಥೆ ಎನ್ನುವವರಿಗೆ ಒಂದು ಮಾತು. ಬಂಡೀಪುರದ ಕಾಡನ್ನು ಕಟ್ಟಿಹಾಕಿರುವ ಲಂಟಾನ ಹವಾಯಿಗೂ ಅಲಂಕಾರದ ಗಿಡವಾಗಿಯೇ ಹೋಗಿತ್ತು. ಅದನ್ನು ಮಣಿಸಲು ಅದೇ ಕೋಬೆಲೆ 1902ರಲ್ಲಿ ಮೆಕ್ಸಿಕೋದಿಂದ ಕೀಟಗಳ ದಂಡು ಕಳಿಸಿದ. ಆ ದಂಡಿನ ಒಂದು ಬೀಜದ ನೊಣವನ್ನು 1921ರಲ್ಲಿ ಹವಾಯಿಯಿಂದ ದಕ್ಷಿಣ ಭಾರತಕ್ಕೂ ತಂದು ಬಿಟ್ಟರು. ನೊಣ ಇದೆ. ಲಂಟಾನವೂ ಇದೆ.

ಮತ್ತೆ ಹವಾಯಿಗೆ. ಅಲ್ಲಿನ ಓಆಹು ದ್ವೀಪದ ಪಶ್ಚಿಮಕ್ಕೆ ವಾಯಾನೈ ಬೆಟ್ಟಸಾಲು. ಅದರ ಮಗ್ಗುಲಿನ ಮಾಕುವಾ ಕಣಿವೆಯ ನೆಲವನ್ನು ಅಮೆರಿಕದ ಸೇನೆ 1964ರಲ್ಲಿ ಗುತ್ತಿಗೆಗೆ ಪಡೆಯಿತು. ಅವಧಿ 65 ವರ್ಷ, ಮೊತ್ತ ಒಂದು ಡಾಲರ್. ವರ್ಷಕ್ಕಲ್ಲ, ಅಷ್ಟಕ್ಕೂ ಸೇರಿ ಒಂದು ಡಾಲರ್. ದಶಕಗಳ ಕಾಲ ಅಲ್ಲಿ ನಿಜವಾದ ಗುಂಡು, ನಿಜವಾದ ಬಾಂಬು ಹಾರಿಸಿ ಅಭ್ಯಾಸ ಮಾಡಿದರು. 2004ರಲ್ಲಿ ಅದು ನಿಂತಿತು. ಅದಕ್ಕೂ ಒಂದು ವರ್ಷ ಮೊದಲು, 2003ರ ಜುಲೈಯಲ್ಲಿ, ಒಣಹುಲ್ಲನ್ನು 'ನಿಯಂತ್ರಿತ'ವಾಗಿ ಸುಡುತ್ತೇವೆಂದು ಸೇನೆಯೇ ಇಟ್ಟ ಬೆಂಕಿ ಕೈತಪ್ಪಿ ಎರಡು ಸಾವಿರ ಎಕರೆಗೂ ಹೆಚ್ಚು ಬೂದಿ ಮಾಡಿತು.

ಅದೇ ಬೆಟ್ಟಸಾಲಿನ ಹದಿನೈದು ಚದರ ಕಿಲೋಮೀಟರಿನೊಳಗೆ ಹೈಪೋಸ್ಮೋಕೋಮದ ಇನ್ನೊಂದು ಮರಿ ಬದುಕಿದೆ. ರುಬಿನಾಫ್ ತಂಡ ಅದರ ಸುದ್ದಿ ಹೊರಗೆಡವಿದ್ದು 2025ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹುಡುಕಿ ಸಿಕ್ಕದ್ದು 62 ಹುಳು. ಇದು ಮರದ ಪೊಟರೆಯ, ಬಂಡೆಸಂದಿನ ಜೇಡರಬಲೆಯಲ್ಲೇ ಸಂಸಾರ ಹೂಡುತ್ತದೆ. ಜೇಡ ತಿಂದು ಬಿಟ್ಟದ್ದನ್ನು, ಬಲೆಗೆ ಬಿದ್ದು ಸತ್ತದ್ದನ್ನು ತಿನ್ನುತ್ತದೆ. ಜೇಡನಿಗೆ ಸಿಕ್ಕಿಬೀಳದಿರಲು ಮೈಮೇಲಿನ ರೇಷ್ಮೆಗೂಡಿಗೆ ಸತ್ತ ಕೀಟಗಳ ತಲೆ, ರೆಕ್ಕೆ, ಹೊಟ್ಟೆಯ ಚಿಪ್ಪುಗಳನ್ನು ಹೊಲಿದುಕೊಳ್ಳುತ್ತದೆ. ಒಂದೊಂದು ತುಣುಕನ್ನೂ ಬಾಯಲ್ಲಿ ತಿರುಗಿಸಿ ಅಳತೆ ನೋಡಿ, ದೊಡ್ಡದಾದರೆ ಕತ್ತರಿಸಿ, ಒಳ್ಳೆಯ ದರ್ಜಿಯ ಹಾಗೆ ಕೂರಿಸುತ್ತದೆ. ಕಡ್ಡಿ ಎಲೆ ಕೊಟ್ಟರೆ ಮುಟ್ಟುವುದಿಲ್ಲ. ಅದರ ವಂಶ ಐವತ್ತು ಲಕ್ಷ ವರ್ಷಕ್ಕೂ ಹಳೆಯದು, ಅದು ಈಗ ನಿಂತಿರುವ ದ್ವೀಪಕ್ಕಿಂತ ಹಳೆಯದು. ಮುಳುಗುತ್ತಿದ್ದ ಹಳೆಯ ದ್ವೀಪದಿಂದ ಏಳುತ್ತಿದ್ದ ಹೊಸ ದ್ವೀಪಕ್ಕೆ ಹಾರಿ ಹಾರಿ ಉಳಿದುಕೊಂಡು ಬಂದಿದೆ.

ಆ ಗೂಡಿನ ಫೋಟೋ ನೋಡುತ್ತಾ ಕೂತಿದ್ದೆ. ಮೂತಿಹುಳುವಿನ ತಲೆಗಳು, ನೊಣದ ರೆಕ್ಕೆ, ಅವುಗಳ ನಡುವೆ ಇರುವೆಯ ತಲೆ. ಹವಾಯಿಯಲ್ಲಿ ಸ್ವದೇಶಿ ಇರುವೆ ಒಂದೂ ಇರಲಿಲ್ಲ. ಇವತ್ತು ಅಲ್ಲಿರುವ ಪ್ರತಿಯೊಂದು ಇರುವೆಯೂ ಯಾರದೋ ಹಡಗಿನ ಮಣ್ಣಿನಲ್ಲಿ, ಯಾರದೋ ಕುಂಡದಲ್ಲಿ, ಯಾರದೋ ಸಾಮಾನಿನಲ್ಲಿ ಬಂದು ಇಳಿದದ್ದರ ಸಂತಾನ. ಇರುವೆ ಬಂದ ಕಡೆ ಸ್ವದೇಶಿ ಕೀಟ ಕಾಣೆಯಾಗುತ್ತದೆಂದು ಪರ್ಕಿನ್ಸ್ ಎಂಬ ಕೀಟಶಾಸ್ತ್ರಜ್ಞ ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದ. ಬೆರಳ ತುದಿಯಷ್ಟಿಲ್ಲದ ಹುಳು ಆ ತಲೆಯನ್ನು ಅಳೆದು, ಕತ್ತರಿಸಿ, ಬೆನ್ನಿಗೆ ಹೊಲಿದುಕೊಂಡು ಕತ್ತಲೆಯ ಪೊಟರೆಯಲ್ಲಿ ತಿರುಗಾಡುತ್ತಿದೆ.